ಯಾರದೂ ಅಲ್ಲದ ಅಳತೆ

ಮೈಸೂರು ರಾಜ್ಯ 1956ರ ನವೆಂಬರ್ 1ರಂದು ಒಂದಾಯಿತು. ಆಡಳಿತ ಒಂದಾಯಿತು, ಖಜಾನೆ ಒಂದಾಯಿತು, ತಕ್ಕಡಿ ಮಾತ್ರ ಒಂದಾಗಲಿಲ್ಲ. ಮುಂಬೈ ಪ್ರಾಂತ್ಯದಿಂದ ಬಂದ ಜಿಲ್ಲೆಗಳು, ಮದರಾಸಿನಲ್ಲಿದ್ದವು, ನಿಜಾಮರ ಆಳ್ವಿಕೆ ಕಂಡವು, ಕೊಡಗು, ಹಳೆಯ ಮೈಸೂರು ಸೀಮೆ, ಎಲ್ಲವೂ ತಂತಮ್ಮ ಸೇರು, ತಂತಮ್ಮ ಮಣ ಹೊತ್ತುಕೊಂಡೇ ಬಂದವು. ಮಣ ಎಂದರೆ ಎಷ್ಟು? ಮದರಾಸಿನ ಲೆಕ್ಕದಲ್ಲಿ 25 ಪೌಂಡು, ಈಗಿನ ಹನ್ನೊಂದು ಕಿಲೋ ಚಿಲ್ಲರೆ. ಹಳೆಯ ಮುಂಬೈ ಲೆಕ್ಕದಲ್ಲಿ 28 ಪೌಂಡು, ಹನ್ನೆರಡೂ ಮುಕ್ಕಾಲು ಕಿಲೋ. ಬಂಗಾಳದ ಮಣ 82 ಪೌಂಡು ದಾಟುತ್ತಿತ್ತು, ಅಂದರೆ 37 ಕಿಲೋಗೂ ಮೇಲೆ. ಒಂದು ಪೇಟೆಯಲ್ಲಿ ಬೆಲ್ಲದ ಧಾರಣೆ ಕೇಳಿಕೊಂಡು ಇನ್ನೊಂದು ಪೇಟೆಗೆ ಗಾಡಿ ಹೊಡೆದ ರೈತ, ಹೆಚ್ಚಿಗೆ ಸಿಕ್ಕ ಹಣ ಧಾರಣೆಯಿಂದ ಬಂತೋ ಮಣದಿಂದ ಬಂತೋ ಎಂದು ತಿಳಿಯಲು ಲೆಕ್ಕಿಗನನ್ನು ಹುಡುಕಬೇಕಿತ್ತು.

ಮಣವಾದರೂ ತೂಕ. ಕಾಳುಕಡಿಯ ವ್ಯವಹಾರ ಬಹುಪಾಲು ನಡೆಯುತ್ತಿದ್ದದ್ದು ಅಳತೆಯ ಮೇಲೆ: ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ, ಖಂಡುಗ. ಅಳೆಯುವುದರಲ್ಲಿ ಎಷ್ಟು ಕೈಚಳಕಕ್ಕೆ ಎಡೆಯಿದೆ ಎಂಬುದು ರಾಗಿ ಅಳೆದವರಿಗೆ ಗೊತ್ತು. ಸೇರಿನ ಬಾಯಿ ಅಗಲವಾದಷ್ಟೂ ಮೇಲೆ ನಿಲ್ಲುವ ರಾಶಿ ದೊಡ್ಡದಾಗುತ್ತದೆ. ಎತ್ತರದಿಂದ ಸುರಿದರೆ ಕಾಳು ಒತ್ತಾಗಿ ಕೂತು ಇನ್ನೊಂದು ಹಿಡಿ ಹೆಚ್ಚು ಹಿಡಿಸುತ್ತದೆ. ಸ್ವಲ್ಪ ಕುಲುಕಿದರೆ ಮತ್ತೂ ಇಳಿಯುತ್ತದೆ. ರಾಶಿ ಬಿಟ್ಟು ಅಳೆದರೆ ಒಂದು ಲೆಕ್ಕ, ಅಂಚಿನ ಮಟ್ಟಕ್ಕೆ ಕೈಯೆಳೆದು ಸಮ ಮಾಡಿದರೆ ಇನ್ನೊಂದು. ಇದನ್ನೆಲ್ಲ ನಿರ್ಧರಿಸುತ್ತಿದ್ದವರು ಯಾರು? ಸೇರು ಯಾರ ಕೈಯಲ್ಲಿತ್ತೋ ಅವರು. ಸಾಹುಕಾರ ಬಿತ್ತನೆಗೆ ಕಾಳು ಅಳೆದು ಕೊಡುವಾಗ ಒಂದು ಸೇರು, ಸುಗ್ಗಿಯಲ್ಲಿ ವಾಪಸು ಅಳೆದುಕೊಳ್ಳುವಾಗ ಇನ್ನೊಂದು ಸೇರು ಎಂಬ ಮಾತು ಹಳ್ಳಿಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ.

ತೂಕ ಮತ್ತು ಅಳತೆಯ ಅಂತರರಾಷ್ಟ್ರೀಯ ಮಾನಗಳ ವಿಷಯ ಬಂದಾಗಲೆಲ್ಲ ಅದು ಪ್ರಯೋಗಾಲಯದವರ ಪಾಡು, ನಮಗೇನು ಎಂದುಕೊಳ್ಳುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವುದು ಅಳತೆಯನ್ನು ಉಳ್ಳವನ ಕೈಯಿಂದ ಬಿಡಿಸಿಕೊಂಡ ಇನ್ನೂರು ವರ್ಷಗಳ ಹೋರಾಟ. ವಿಜ್ಞಾನ ಆ ಹೋರಾಟಕ್ಕೆ ಸಿಕ್ಕ ಆಯುಧ.

ಹೋರಾಟ ಶುರುವಾದದ್ದು ಫ್ರಾನ್ಸಿನ ಹಳ್ಳಿಗಳಲ್ಲಿ. 1789ರಲ್ಲಿ ಹದಿನಾರನೇ ಲೂಯಿ ಮಹಾಸಭೆ ಕರೆದಾಗ ಊರೂರಿನಿಂದ ಅಹವಾಲುಗಳನ್ನು ಬರೆಸಿ ತರಿಸಿದ. ಆ ಅಹವಾಲುಗಳಲ್ಲಿ ಉಪ್ಪಿನ ತೆರಿಗೆ ಇದೆ, ಬೇಟೆಯ ಹಕ್ಕು ಇದೆ. ಜೊತೆಗೆ ಊರಿಂದೂರಿಗೆ ಮತ್ತೆ ಮತ್ತೆ ಬರುವ ಬೇಡಿಕೆ ಅಳತೆಯದು. ಜಮೀನುದಾರನಿಗೆ ಗೇಣಿ ಸಲ್ಲುತ್ತಿದ್ದದ್ದು ಕಾಳಿನಲ್ಲಿ, ಅಳೆಯುತ್ತಿದ್ದದ್ದು ಜಮೀನುದಾರನ ಕೊಳಗದಲ್ಲಿ. ಗೇಣಿ ಹೆಚ್ಚಿಸಲು ಒಪ್ಪಂದ ತಿದ್ದಬೇಕಿರಲಿಲ್ಲ, ಕೊಳಗ ಹಿಗ್ಗಿದರೆ ಸಾಕಿತ್ತು. ಇಡೀ ದೇಶಕ್ಕೆ ಒಂದೇ ತೂಕ, ಒಂದೇ ಅಳತೆ ಬೇಕು ಎಂದು ರೈತರು ಕೇಳಿದ್ದು ಈ ಸಂಕಟದಿಂದ.

ಯಾವ ಅಳತೆ ಎಂಬುದು ಮುಂದಿನ ಪ್ರಶ್ನೆ. ಪ್ಯಾರಿಸ್ಸಿನ ಅಳತೆಯನ್ನೇ ಎಲ್ಲರ ಮೇಲೆ ಹೇರಬಹುದಿತ್ತು. ಕ್ರಾಂತಿಯ ಜನ ಅದನ್ನು ಒಪ್ಪಲಿಲ್ಲ. ಯಾವ ಊರಿಗೂ, ಯಾವ ರಾಜನಿಗೂ, ಯಾವ ದೇಶಕ್ಕೂ ಸೇರದ ಅಳತೆ ಬೇಕೆಂದರು. ಒಂದು ಸೆಕೆಂಡಿಗೆ ಒಂದು ತೂಗು ತೂಗುವ ಲೋಲಕದ ಉದ್ದವನ್ನೇ ಮಾನವಾಗಿ ಇಟ್ಟುಕೊಳ್ಳೋಣ ಎಂಬ ಸಲಹೆ ಮೊದಲು ಬಂತು. ಭೂಮಿಯ ಸೆಳೆತ ಊರಿಂದ ಊರಿಗೆ ಬದಲಾಗುವುದರಿಂದ ಲೋಲಕದ ಉದ್ದವೂ ಬದಲಾಗುತ್ತದೆ. ಆಗ ಯಾವುದೋ ಒಂದು ಊರು ಒಡೆತನ ಪಡೆದಂತೆಯೇ. 1791ರಲ್ಲಿ ವಿಜ್ಞಾನ ಅಕಾಡೆಮಿಯ ಸಮಿತಿ ಭೂಮಿಯನ್ನೇ ಆರಿಸಿಕೊಂಡಿತು. ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗ, ಅದು ಮೀಟರು. ಭೂಮಿ ಎಲ್ಲರದು, ಅದರ ಪಾಲೂ ಎಲ್ಲರದು.

ದೇಲಾಂಬ್ರ ಮತ್ತು ಮೆಶೈನ್ ಎಂಬ ಇಬ್ಬರು ಖಗೋಳಜ್ಞರು 1792ರಲ್ಲಿ ಹೊರಟರು. ಒಬ್ಬರು ಉತ್ತರದ ಡಂಕರ್ಕ್ ಕಡೆಯಿಂದ, ಇನ್ನೊಬ್ಬರು ಸ್ಪೇನಿನ ಬಾರ್ಸಿಲೋನಾ ಕಡೆಯಿಂದ. ತ್ರಿಕೋನದ ಮೇಲೆ ತ್ರಿಕೋನ ಕಟ್ಟಿ, ಚರ್ಚಿನ ಗೋಪುರ ಹತ್ತಿ, ಬೆಟ್ಟದ ತುದಿಯಲ್ಲಿ ಗುರುತು ನೆಟ್ಟು ಅಳೆದರು. ಹಾಗೆ ಅಳೆಯುವಾಗಲೇ ದೇಶದಲ್ಲಿ ರಾಜನ ತಲೆ ಉರುಳಿತು, ಯುದ್ಧ ಬಂತು. ದುರ್ಬೀನು ಹಿಡಿದು ಗೋಪುರ ಹತ್ತಿದವರನ್ನು ಜನ ಬೇಹುಗಾರರೆಂದು ಹಿಡಿದು ಕೂರಿಸಿದರು. ಒಂದೆರಡು ವರ್ಷದ ಕೆಲಸ ಏಳು ವರ್ಷ ಹಿಡಿಯಿತು. ಬಾರ್ಸಿಲೋನಾದಲ್ಲಿ ಮೆಶೈನ್ ತೆಗೆದ ಎರಡು ಅಕ್ಷಾಂಶಗಳ ನಡುವೆ ಸುಮಾರು ಮೂರು ಸೆಕೆಂಡು ಕೋನದ ಹೊಂದಾಣಿಕೆ ತಪ್ಪುತ್ತಿತ್ತು. ಆತ ಅದನ್ನು ಯಾರಿಗೂ ಹೇಳಲಿಲ್ಲ, ಒಳಗೊಳಗೇ ಬೆಂದ. ತಪ್ಪನ್ನು ಸರಿಪಡಿಸಬೇಕೆಂದು ಮತ್ತೆ ಸ್ಪೇನಿಗೆ ಅಳೆಯಲು ಹೋಗಿ 1804ರಲ್ಲಿ ಅಲ್ಲೇ ಹಳದಿ ಜ್ವರದಿಂದ ತೀರಿಕೊಂಡ. ಅವನ ಕಾಗದಪತ್ರ ನೋಡಿದ ಮೇಲೆಯೇ ದೇಲಾಂಬ್ರನಿಗೆ ವಿಷಯ ತಿಳಿದದ್ದು. ಭೂಮಿಯ ಆಕಾರ ಅವರು ಎಣಿಸಿದಷ್ಟು ನಯವಾಗಿರಲಿಲ್ಲ ಎಂಬ ಕಾರಣವೂ ಸೇರಿ ಮೀಟರು ಉದ್ದೇಶಿಸಿದ್ದಕ್ಕಿಂತ ಸುಮಾರು 0.2 ಮಿಲಿಮೀಟರು ಗಿಡ್ಡವಾಯಿತು. ಇಂದಿಗೂ ಗಿಡ್ಡವೇ. ನಾವೆಲ್ಲ ಒಪ್ಪಿಕೊಂಡಿರುವ ಮೀಟರು ಅದೇ.

1799ರಲ್ಲಿ ಪ್ಲಾಟಿನಂ ಪಟ್ಟಿಯೊಂದು ಮೀಟರಾಯಿತು, ಪ್ಲಾಟಿನಂ ಬಟ್ಟೊಂದು ಕಿಲೋಗ್ರಾಂ ಆಯಿತು. ಒಂದು ಲೀಟರು ನೀರು ಎಷ್ಟು ತೂಗುತ್ತದೋ ಅದು ಕಿಲೋ ಎಂಬ ನಂಟು. ಹೊಸ ಮಾನ ಕೇಳಿದ್ದ ಜನವೇ ಹೊಸ ಮಾನ ಬಂದಾಗ ಹಳೆಯದನ್ನು ಬಿಡಲಿಲ್ಲ. 1812ರಲ್ಲಿ ನೆಪೋಲಿಯನ್ ಇದಕ್ಕೆ ಮಣಿದು ಹಳೆಯ ಹೆಸರಿನ ಅಳತೆಗಳಿಗೆ ಮತ್ತೆ ಅನುಮತಿ ಕೊಟ್ಟ. ಫ್ರಾನ್ಸಿನಲ್ಲಿ ಮೆಟ್ರಿಕ್ ಪದ್ಧತಿ ಕಡ್ಡಾಯವಾಗಿ ನೆಲೆಯೂರಿದ್ದು 1840ರ ಜನವರಿ 1ರಿಂದ.

ಆಮೇಲೆ ಅದು ದೇಶಗಳ ಗಡಿ ದಾಟಿತು. 1875ರ ಮೇ 20ರಂದು 17 ದೇಶಗಳು ಪ್ಯಾರಿಸ್ಸಿನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿಗೂ ಮೇ 20 ವಿಶ್ವ ಮಾಪನ ದಿನ. ಸಹಿ ಹಾಕಿದವರಲ್ಲಿ ಅಮೆರಿಕವೂ ಇತ್ತು ಎಂದರೆ ಹಲವರಿಗೆ ಅಚ್ಚರಿಯಾದೀತು. ಪೌಂಡು, ಅಂಗುಲದಲ್ಲೇ ಬದುಕುವ ಆ ದೇಶ 1893ರಿಂದ ತನ್ನ ಪೌಂಡನ್ನು ಕಿಲೋಗ್ರಾಮಿನ ಲೆಕ್ಕದಲ್ಲಿಯೇ ವ್ಯಾಖ್ಯಾನಿಸಿಕೊಂಡಿದೆ. 1959ರ ಒಪ್ಪಂದದ ಪ್ರಕಾರ ಒಂದು ಅಂಗುಲವೆಂದರೆ ಕರಾರುವಾಕ್ಕಾಗಿ 25.4 ಮಿಲಿಮೀಟರು. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನ ಅಡಿಯೂ, ಪಹಣಿಯ ಎಕರೆ ಗುಂಟೆಯೂ ಈಗ ಒಳಗಿನಿಂದ ಮೀಟರೇ.

ಒಪ್ಪಂದದ ಫಲವಾಗಿ ಪ್ಯಾರಿಸ್ ಹೊರವಲಯದ ಸೆವ್ರ್ ಎಂಬಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆ ಹುಟ್ಟಿತು. ಅದರ ನೆಲಮಾಳಿಗೆಯ ಕಪಾಟಿನಲ್ಲಿ ಮೂರು ಗಾಜಿನ ಗಂಟೆಗಳನ್ನು ಒಂದರ ಮೇಲೊಂದು ಕವುಚಿಟ್ಟ ಒಳಗೆ ಒಂದು ಲೋಹದ ತುಂಡು ಕೂತಿದೆ. ನೂರಕ್ಕೆ 90 ಪ್ಲಾಟಿನಂ, 10 ಇರಿಡಿಯಂ. ಎತ್ತರ 39 ಮಿಲಿಮೀಟರು, ಅಗಲವೂ ಅಷ್ಟೇ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. 1889ರಿಂದ 2019ರವರೆಗೆ ಭೂಮಿಯ ಮೇಲಿನ ಪ್ರತಿಯೊಂದು ಕಿಲೋ ಸಕ್ಕರೆ, ಪ್ರತಿಯೊಂದು ಗ್ರಾಂ ಚಿನ್ನ ಕೊನೆಗೆ ಲೆಕ್ಕ ಒಪ್ಪಿಸುತ್ತಿದ್ದದ್ದು ಈ ತುಂಡಿಗೆ. ಕಪಾಟು ತೆರೆಯಲು ಮೂರು ಕೀಲಿ, ಮೂವರು ಬೇರೆ ಬೇರೆ ಹುದ್ದೆಯವರ ಕೈಯಲ್ಲಿ. ಒಬ್ಬರೇ ಬಂದು ತೆರೆಯುವಂತಿಲ್ಲ.

ಹೊರಗೆ ತೆಗೆದಾಗ ಅದಕ್ಕೆ ಸ್ನಾನ. ಈಥರ್ ಮತ್ತು ಆಲ್ಕೋಹಾಲಿನಲ್ಲಿ ನೆನೆಸಿದ ಮೆದು ಚರ್ಮದಿಂದ ಉಜ್ಜಿ, ಎರಡು ಸಲ ಭಟ್ಟಿ ಇಳಿಸಿದ ನೀರಿನ ಹಬೆಯಲ್ಲಿ ತೊಳೆದು ಆರಿಸುತ್ತಾರೆ. ಆಮೇಲೆ ಅದರ ಜೊತೆಗೆ ಹುಟ್ಟಿದ ಪ್ರತಿಗಳನ್ನು ಅದಕ್ಕೆ ಹೋಲಿಸಿ ತೂಗುತ್ತಾರೆ. ಹಲವು ದೇಶಗಳಿಗೆ ಪ್ರತಿಗಳು ಹೋಗಿವೆ. ನಮ್ಮ ಪಾಲಿಗೆ ಬಂದದ್ದು 57ನೇ ಸಂಖ್ಯೆಯದು, ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿದೆ. ಇಂಥ ದೊಡ್ಡ ಹೋಲಿಕೆ ನೂರು ವರ್ಷದಲ್ಲಿ ನಡೆದದ್ದು ಕೆಲವೇ ಸಲ. 1988ರಲ್ಲಿ ಶುರುವಾದ ಹೋಲಿಕೆಯಲ್ಲಿ ಆತಂಕದ ಸಂಗತಿ ಖಚಿತವಾಯಿತು. ಪ್ರತಿಗಳಲ್ಲಿ ಹಲವು ಮೂಲಕ್ಕಿಂತ ಸುಮಾರು 50 ಮೈಕ್ರೋಗ್ರಾಂ ಭಾರವಾಗಿ ಕಂಡವು. ಒಂದು ಗ್ರಾಮನ್ನು 20,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಪ್ರತಿಗಳು ಹೆಚ್ಚಿದವೋ, ಮೂಲವೇ ಸವೆಯಿತೋ? ಹೇಳಲು ದಾರಿಯೇ ಇರಲಿಲ್ಲ. ಮೂಲ ಎಷ್ಟು ತೂಗುತ್ತದೋ ಅದೇ ಕಿಲೋ ಎಂದು ಕಾನೂನು ಹೇಳುವಾಗ ಮೂಲವನ್ನು ಯಾವುದಕ್ಕೆ ಹೋಲಿಸುವುದು? ಅದು ಸವೆದಿದ್ದರೆ ಲೆಕ್ಕದ ಪ್ರಕಾರ ಉಳಿದ ಜಗತ್ತೇ ಭಾರವಾಯಿತೆಂದು ಒಪ್ಪಬೇಕಿತ್ತು.

ಕಾಳು ತೂಗುವವರಿಗೆ 50 ಮೈಕ್ರೋಗ್ರಾಮಿನಿಂದ ಏನೂ ಆಗುವುದಿಲ್ಲ. ಆದರೆ ಮಾನವೊಂದು ಒಂದೇ ಕಟ್ಟಡದ ಒಂದೇ ಕಪಾಟಿನಲ್ಲಿ ಕೂತಿದೆ, ಅದು ತಪ್ಪಿದರೆ ಪ್ರಶ್ನಿಸಲು ಯಾರಿಗೂ ಸಾಧ್ಯವಿಲ್ಲ ಎಂಬುದು ಆ ಫ್ರೆಂಚ್ ರೈತರು ಎದ್ದುನಿಂತ ಕಾರಣಕ್ಕೇ ಎದುರಾಗಿ ನಿಂತಂತೆ ನನಗೆ ತೋರುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1870ರಷ್ಟು ಹಿಂದೆಯೇ ಇದನ್ನು ಮನಗಂಡಿದ್ದ. ಭೂಮಿ ಕುಗ್ಗಬಹುದು, ಹಿಗ್ಗಬಹುದು. ಎಂದೆಂದಿಗೂ ಬದಲಾಗದ ಮಾನ ಬೇಕಿದ್ದರೆ ಎಲ್ಲೆಡೆ ಒಂದೇ ತೆರನಾಗಿರುವ ಅಣುಗಳಲ್ಲಿ ಹುಡುಕಿ ಎಂಬುದು ಅವನ ವಾದ.

ಮೀಟರು ಮತ್ತು ಸೆಕೆಂಡು ಆ ದಾರಿಯಲ್ಲಿ ಬೇಗ ಹೊರಟವು. 1960ರಲ್ಲಿ ಮೀಟರು ಲೋಹದ ಪಟ್ಟಿ ಬಿಟ್ಟು ಕ್ರಿಪ್ಟಾನ್ ಪರಮಾಣುವಿನ ಬೆಳಕಿನ ಅಲೆಗಳಿಗೆ ಅಂಟಿಕೊಂಡಿತು. ಎಸ್‌ಐ ಎಂದು ನಾವು ಶಾಲೆಯಲ್ಲಿ ಕಲಿತ ಪದ್ಧತಿಗೆ ಆ ಹೆಸರು ಬಿದ್ದದ್ದೂ ಅದೇ ವರ್ಷ. 1967ರಲ್ಲಿ ಸೆಕೆಂಡು ಭೂಮಿಯ ಸುತ್ತಾಟವನ್ನು ಬಿಟ್ಟಿತು. ಸೀಸಿಯಂ ಪರಮಾಣುವಿನ 919,26,31,770 ಕಂಪನಗಳು ಒಂದು ಸೆಕೆಂಡು. 1983ರಲ್ಲಿ ಮೀಟರಿಗೆ ಇನ್ನೂ ಗಟ್ಟಿ ನೆಲೆ ಸಿಕ್ಕಿತು: ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲು ಅವಧಿಯಲ್ಲಿ ಕ್ರಮಿಸುವ ದೂರ. ಕಿಲೋ ಮಾತ್ರ ಕಪಾಟಿನಲ್ಲೇ ಉಳಿಯಿತು.

ಅದನ್ನು ಹೊರತಂದದ್ದು ಒಂದು ವಿಚಿತ್ರ ತಕ್ಕಡಿ. ಬ್ರಿಟನ್ನಿನ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಬ್ರಯನ್ ಕಿಬ್ಬಲ್ 1975ರಲ್ಲಿ ಅದರ ಕಲ್ಪನೆ ಕೊಟ್ಟರು. ಒಂದು ಬದಿಯಲ್ಲಿ ತೂಕದ ಬಟ್ಟು. ಅದಕ್ಕೆ ಎದುರಾಗಿ ಇನ್ನೊಂದು ಬಟ್ಟು ಇಡುವುದಿಲ್ಲ, ಅಯಸ್ಕಾಂತದ ನಡುವೆ ತಂತಿಯ ಸುರುಳಿ ತೂಗುಬಿಡುತ್ತಾರೆ. ಸುರುಳಿಗೆ ವಿದ್ಯುತ್ ಹರಿಸಿದಾಗ ಹುಟ್ಟುವ ಬಲ ಬಟ್ಟಿನ ಭಾರಕ್ಕೆ ಸರಿಹೋಗುವವರೆಗೆ ಹೊಂದಿಸಿ, ಎಷ್ಟು ವಿದ್ಯುತ್ ಬೇಕಾಯಿತೆಂದು ಬರೆದುಕೊಳ್ಳುತ್ತಾರೆ. ಆದರೆ ಸುರುಳಿಯಲ್ಲಿ ತಂತಿ ಎಷ್ಟುದ್ದವಿದೆ, ಅಯಸ್ಕಾಂತ ಎಷ್ಟು ಬಲವಾಗಿದೆ ಎಂಬುದನ್ನು ಅಷ್ಟು ನಿಖರವಾಗಿ ಅಳೆಯಲಾಗದು. ಕಿಬ್ಬಲ್ ಅವರ ಜಾಣ್ಮೆ ಇರುವುದು ಎರಡನೇ ಹೆಜ್ಜೆಯಲ್ಲಿ. ಬಟ್ಟು ತೆಗೆದು ಅದೇ ಸುರುಳಿಯನ್ನು ಅದೇ ಅಯಸ್ಕಾಂತದ ನಡುವೆ ಗೊತ್ತಾದ ವೇಗದಲ್ಲಿ ಮೇಲೆ ಕೆಳಗೆ ಓಡಿಸಿ, ಅದರಲ್ಲಿ ಹುಟ್ಟುವ ವೋಲ್ಟೇಜನ್ನು ಅಳೆಯುತ್ತಾರೆ. ಎರಡೂ ಲೆಕ್ಕ ಸೇರಿಸಿದಾಗ ಅಳೆಯಲಾಗದ ಆ ಎರಡು ಸಂಗತಿಗಳು ತಾವಾಗಿ ಹೊಡೆದುಹೋಗುತ್ತವೆ. ಉಳಿಯುವುದು ವಿದ್ಯುತ್ತು, ವೋಲ್ಟೇಜು, ವೇಗ ಮತ್ತು ಆ ಜಾಗದಲ್ಲಿ ಭೂಮಿಯ ಸೆಳೆತ. ವೋಲ್ಟೇಜು ಮತ್ತು ರೋಧವನ್ನು ಜೋಸೆಫ್ಸನ್ ಹಾಗೂ ಕ್ಲಾಸ್ ಫಾನ್ ಕ್ಲಿಟ್ಜಿಂಗ್ ಅವರ ಹೆಸರಿನ ಕ್ವಾಂಟಂ ಪರಿಣಾಮಗಳ ಮೂಲಕ ಅಳೆದಾಗ ಕಿಲೋಗ್ರಾಂ ನೇರವಾಗಿ ಪ್ಲಾಂಕ್ ಸ್ಥಿರಾಂಕ ಎಂಬ, ಎಲ್ಲೆಡೆ ಒಂದೇ ಆಗಿರುವ ನಿಸರ್ಗದ ಸಂಖ್ಯೆಗೆ ಗಂಟುಬೀಳುತ್ತದೆ. ಇದರ ಜೊತೆಗೇ ಇನ್ನೊಂದು ತಂಡ ಶುದ್ಧ ಸಿಲಿಕಾನಿನ ಗೋಲ ಮಾಡಿ ಅದರಲ್ಲಿರುವ ಪರಮಾಣುಗಳನ್ನು ಎಣಿಸಿ ಅದೇ ಉತ್ತರಕ್ಕೆ ಬಂದಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿ ಒಂದೇ ಜಾಗಕ್ಕೆ ತಲುಪಿದ್ದರಿಂದಲೇ ಜಗತ್ತು ನಂಬಿತು.

2018ರ ನವೆಂಬರ್ 16ರಂದು ವರ್ಸಾಯಿಯಲ್ಲಿ ಸೇರಿದ್ದ ದೇಶಗಳು ಒಮ್ಮತದಿಂದ ಮತ ಹಾಕಿದವು. ಪ್ಲಾಂಕ್ ಸ್ಥಿರಾಂಕ ಇನ್ನು ಮುಂದೆ ಅಳೆಯುವ ಸಂಖ್ಯೆಯಲ್ಲ, ನಿಗದಿಯಾದ ಸಂಖ್ಯೆ: ದಶಮಾಂಶ ಬಿಂದುವಿನ ಮುಂದೆ 33 ಸೊನ್ನೆ, ಆಮೇಲೆ 662607015. ಹೊಸ ವ್ಯಾಖ್ಯಾನ 2019ರ ಮೇ 20ರಂದು ಜಾರಿಗೆ ಬಂತು. ಆಂಪಿಯರ್, ಕೆಲ್ವಿನ್, ಮೋಲ್ ಕೂಡ ಅಂದೇ ಹೊಸ ನೆಲೆಗೆ ಹೋದವು. ಎರಡು ಶತಮಾನ ಎಲ್ಲರನ್ನೂ ತೂಗಿದ ವಂಶದ ಆ ಲೋಹದ ತುಂಡು ಈಗ ತಾನೂ ತಕ್ಕಡಿ ಹತ್ತಿದೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಒಪ್ಪಿಕೊಂಡ ಮೊದಲ ಲೆಕ್ಕದಲ್ಲಿ ಅದು ಒಂದು ಕಿಲೋಗಿಂತ 2 ಮೈಕ್ರೋಗ್ರಾಂ ಕಡಿಮೆ. ಕಿಬ್ಬಲ್ ತಕ್ಕಡಿ ಕಟ್ಟಲು ಹಣ ಬೇಕು, ವರ್ಷಗಟ್ಟಲೆ ದುಡಿಯುವ ತಜ್ಞರು ಬೇಕು. ಅದು ಸದ್ಯಕ್ಕೆ ಕೆಲವೇ ದೇಶಗಳ ಕೈಗೆಟುಕಿದೆ ಎಂಬುದು ನಿಜ. ಆದರೂ ದಾರಿ ಯಾರಿಗೂ ಮುಚ್ಚಿಲ್ಲ. ಸೆವ್ರ್‌ನ ಕೀಲಿ ಕೇಳದೆ ಯಾವ ದೇಶ ಬೇಕಾದರೂ ತನ್ನ ಕಿಲೋವನ್ನು ತಾನೇ ಕಟ್ಟಿಕೊಳ್ಳಬಹುದು, ಬೇರೆಯವರ ಕಿಲೋವನ್ನು ಪರೀಕ್ಷಿಸಬಹುದು.

ಭೂಮಿಯ ಸೆಳೆತದ ಮಾತು ಬಂತಲ್ಲ, ಅದು ನಮ್ಮ ಅಂಗಡಿಗೂ ಬರುತ್ತದೆ. ಎರಡು ತಟ್ಟೆಯ ತಕ್ಕಡಿಗೆ ಊರು ಯಾವುದಾದರೂ ಒಂದೇ. ಸೆಳೆತ ಎರಡೂ ಕಡೆ ಸಮ. ಈಗ ಎಲ್ಲ ಅಂಗಡಿಯಲ್ಲೂ ಇರುವ ಎಲೆಕ್ಟ್ರಾನಿಕ್ ತೂಕದ ಯಂತ್ರ ಹಾಗಲ್ಲ. ಅದರ ಒಳಗಿರುವ ಲೋಹದ ತುಂಡು ಸರಕಿನ ಒತ್ತಡಕ್ಕೆ ಎಷ್ಟು ಬಾಗಿತು ಎಂಬುದನ್ನು ವಿದ್ಯುತ್ತಿನಿಂದ ಅಳೆದು ಅಂಕಿ ತೋರಿಸುತ್ತದೆ. ದೆಹಲಿಗಿಂತ ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಎತ್ತರ. ಇಲ್ಲಿ ಸೆಳೆತ ಸುಮಾರು ಸಾವಿರಕ್ಕೆ ಒಂದು ಪಾಲು ಕಡಿಮೆ. ದೆಹಲಿಯಲ್ಲಿ ಸರಿಯಾಗಿ ಹೊಂದಿಸಿದ ಯಂತ್ರವನ್ನು ಹಾಗೇ ತಂದು ಇಲ್ಲಿಟ್ಟರೆ ಒಂದು ಕಿಲೋ ಬಟ್ಟಿಗೆ ಅದು 999 ಗ್ರಾಂ ಎಂದೀತು. ತರಕಾರಿಗೆ ಇದು ಲೆಕ್ಕಕ್ಕಿಲ್ಲ, ಚಿನ್ನದಂಗಡಿಯಲ್ಲಿ ಲೆಕ್ಕಕ್ಕಿದೆ. ಯಂತ್ರವನ್ನು ಬಳಸುವ ಜಾಗದಲ್ಲೇ, ಮುದ್ರೆ ಬಿದ್ದ ಬಟ್ಟು ಇಟ್ಟು ಹೊಂದಿಸಬೇಕು ಎನ್ನುವುದು ಇದಕ್ಕೇ.

ಮತ್ತೆ 1956ಕ್ಕೆ ಬರೋಣ. ಆ ವರ್ಷದ ಕೊನೆಯಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಮಾಡಿತು. ಮರುವರ್ಷ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂತು, ಅದೇ ವರ್ಷ ಭಾರತ ಮೀಟರ್ ಒಪ್ಪಂದಕ್ಕೆ ಸೇರಿತು. 1958ರ ಅಕ್ಟೋಬರ್ 1ರಿಂದ ಕಿಲೋ ಪೇಟೆಗೆ ಇಳಿಯಿತು. ಕೆಲ ಕಾಲ ಹಳೆಯದೂ ಹೊಸದೂ ಒಟ್ಟಿಗೆ ನಡೆದು, 1962ರ ಏಪ್ರಿಲ್ ಹೊತ್ತಿಗೆ ತೂಕದಲ್ಲಿ ಕಿಲೋ ದೇಶಾದ್ಯಂತ ಕಡ್ಡಾಯವಾಯಿತು. ಅಕ್ಷರ ಬಲ್ಲವರೇ ಕಡಿಮೆಯಿದ್ದ, ಹಳ್ಳಿ ಹಳ್ಳಿಗೂ ಸೇರು ಬೇರೆಯಿದ್ದ ದೇಶ ಇದನ್ನು ಆರು ವರ್ಷದೊಳಗೆ ಮಾಡಿ ಮುಗಿಸಿತು. ಮಾನವನ್ನು ಹೆತ್ತ ಫ್ರಾನ್ಸಿಗೆ ನಲವತ್ತು ವರ್ಷ ಹಿಡಿದಿತ್ತು. ಸ್ವತಂತ್ರ ಭಾರತದ ಆರಂಭದ ಸಾಧನೆಗಳನ್ನು ಹೇಳುವಾಗ ನಾವು ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಹೆಸರು ಹೇಳುತ್ತೇವೆ, ಇದನ್ನು ಮರೆಯುತ್ತೇವೆ. ಭಾರತೀಯ ಮಾನಕ ಸಂಸ್ಥೆಯ ಮೊದಲ ನಿರ್ದೇಶಕ ಲಾಲ್ ಚಂದ್ ವರ್ಮನ್ ಇದಕ್ಕಾಗಿ ವರ್ಷಗಟ್ಟಲೆ ವಾದಿಸಿದವರು. ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇರಬೇಕಿತ್ತು.

ಹಳೆಯದನ್ನು ಗಡುವು ಕೊಟ್ಟು ನಿಲ್ಲಿಸಿದ್ದು ಎಷ್ಟು ಸರಿ ಎಂದು ತಿಳಿಯಲು ಕೆನಡಾ ನೋಡಬೇಕು. ಅಲ್ಲಿ ಮೆಟ್ರಿಕ್ ಬದಲಾವಣೆ ನಡೆಯುತ್ತಿದ್ದ ಕಾಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಡಬೇಕಿತ್ತು. ಇಂಧನದ ಮಾಪಕ ಕೆಟ್ಟಿದ್ದರಿಂದ ಕೈಲೆಕ್ಕ ಮಾಡಿದರು. ಬೇಕಾದದ್ದು 22,300 ಕಿಲೋ. ಟ್ಯಾಂಕಿನಲ್ಲಿದ್ದದ್ದು 7,682 ಲೀಟರು. ಲೀಟರನ್ನು ತೂಕಕ್ಕೆ ತಿರುಗಿಸಲು 1.77ರಿಂದ ಗುಣಿಸಿದರು, ಹಿಂದಿನಿಂದ ರೂಢಿಯಲ್ಲಿದ್ದ ಸಂಖ್ಯೆ ಅದು. ಅದು ಒಂದು ಲೀಟರು ಇಂಧನದ ಪೌಂಡು ತೂಕ. ಕಿಲೋ ಲೆಕ್ಕಕ್ಕೆ ಬೇಕಿದ್ದದ್ದು 0.8. ಹೀಗಾಗಿ 13,597 ಕಿಲೋ ಈಗಾಗಲೇ ಇದೆ ಎಂದು ಉತ್ತರ ಬಂತು. ಇನ್ನು 4,916 ಲೀಟರು ಹಾಕಿದರೆ ಸಾಕು ಎಂದು ಹಾಕಿ ಹಾರಿದರು. ಹಾಕಬೇಕಿದ್ದದ್ದು 20,000 ಲೀಟರಿಗೂ ಮೇಲೆ. ನಲವತ್ತೊಂದು ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ಇಂಧನ ಮುಗಿಯತೊಡಗಿತು, ಒಂದಾದ ಮೇಲೊಂದು ಎರಡೂ ಎಂಜಿನ್ನು ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್‌ಗೆ ಎಂಜಿನ್ನಿಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಗಿಮ್ಲಿ ಎಂಬಲ್ಲಿ ವಾಯುಪಡೆ ಬಿಟ್ಟುಹೋಗಿದ್ದ ಹಳೆಯ ರನ್‌ವೇ ಮೇಲೆ, ಅಲ್ಲಿ ಕಾರು ರೇಸಿಗೆ ಸೇರಿದ್ದ ಜನರ ಎದುರಿಗೇ, ವಿಮಾನ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು. ಕಿಲೋ ತಪ್ಪಲ್ಲ, ಪೌಂಡೂ ತಪ್ಪಲ್ಲ. ಎರಡೂ ಒಂದೇ ಕಾಗದದ ಮೇಲೆ, ಹೆಸರು ಬರೆಯದೆ ನಿಂತದ್ದು ಅವಘಡಕ್ಕೆ ಕಾರಣವಾಯಿತು.

ಇಂದು ನಮ್ಮಲ್ಲಿ ಮಾನದ ಸರಪಳಿ ಹೀಗಿದೆ. ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯದಿಂದ ಬೆಂಗಳೂರಿನಲ್ಲೂ ಒಂದಿರುವ ಪ್ರಾದೇಶಿಕ ಪ್ರಯೋಗಾಲಯಕ್ಕೆ, ಅಲ್ಲಿಂದ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಅಲ್ಲಿಂದ ಇನ್‌ಸ್ಪೆಕ್ಟರು ಹೊತ್ತು ತರುವ ಬಟ್ಟುಗಳಿಗೆ, ಕೊನೆಗೆ ಅಂಗಡಿಯ ಯಂತ್ರಕ್ಕೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು 2011ರ ನಿಯಮಗಳು ಇದನ್ನು ಕಾಯುತ್ತವೆ. ತೂಕದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಪೆಟ್ರೋಲ್ ಬಂಕಿನಲ್ಲಿ 5 ಲೀಟರಿನ ಮುದ್ರೆಯ ಪಾತ್ರೆ ಇರಲೇಬೇಕು. ಅನುಮಾನ ಬಂದ ಗ್ರಾಹಕ ಅದರಲ್ಲಿ ಹಿಡಿದು ತೋರಿಸಿ ಎಂದು ಕೇಳಬಹುದು. ಕಾನೂನು ಒಪ್ಪುವ ವ್ಯತ್ಯಾಸ 5 ಲೀಟರಿಗೆ 25 ಮಿಲಿಲೀಟರು.

ಸರಪಳಿ ಸಡಿಲವಾಗುವುದು ಕೊನೆಯ ಕೊಂಡಿಯಲ್ಲಿ. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಬ್ಬು ಬೆಳೆಗಾರರು ಹಂಗಾಮು ಬಂದಾಗಲೆಲ್ಲ ಹೇಳುವ ದೂರು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಲಾರಿ ತೂಗುವ ಯಂತ್ರದಲ್ಲಿ, ತೂಕ ಹೊಡೆಯುತ್ತಾರೆಂಬುದು. ಎಲ್ಲ ಕಡೆಯೂ ಮೋಸ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಕಾಟಾ ಕಾರ್ಖಾನೆಯದು, ಅಂಕಿ ಓದುವವರು ಕಾರ್ಖಾನೆಯವರು, ಚೀಟಿ ಬರೆಯುವವರೂ ಅವರೇ ಆದಾಗ ರೈತನಿಗೆ ನಂಬಿಕೆ ಹೇಗೆ ಹುಟ್ಟಬೇಕು? ಪ್ಲಾಂಕ್ ಸ್ಥಿರಾಂಕದವರೆಗೆ ಹೋಗಿ ಗಟ್ಟಿ ಮಾಡಿದ ಕಿಲೋ, ಕಾಟಾದ ಬಾಗಿಲಲ್ಲಿ ಮತ್ತೆ ಒಬ್ಬರ ಕೈಗೆ ಸೇರಿದಂತೆ ಅವನಿಗೆ ಅನ್ನಿಸುತ್ತದೆ.

ಇದಕ್ಕೆ ನಿಯಮಗಳಲ್ಲಿಯೇ ಒಂದು ದಾರಿ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ತೂಕದ ಯಂತ್ರ ಇಟ್ಟುಕೊಂಡು ವ್ಯಾಪಾರ ಮಾಡುವವರು ಅದರ ಸಾಮರ್ಥ್ಯದ ಹತ್ತನೇ ಒಂದು ಪಾಲು, ಇಲ್ಲವೇ ಒಂದು ಟನ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮುದ್ರೆ ಬಿದ್ದ ಬಟ್ಟುಗಳನ್ನು ಅದೇ ಜಾಗದಲ್ಲಿ ಇಟ್ಟಿರಬೇಕು. ಕಿರಾಣಿ ಅಂಗಡಿಯ 30 ಕಿಲೋ ಯಂತ್ರದ ಬಳಿ 3 ಕಿಲೋ ಬಟ್ಟು, ಲಾರಿ ತೂಗುವ ಕಾಟಾದ ಬಳಿ ಒಂದು ಟನ್. ತಪಾಸಣೆಯ ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಇಲಾಖೆಯ ಅಧಿಕಾರಿಗಳು ಕಾರ್ಖಾನೆಗೆ ಹೋಗುವ ದಿನವನ್ನು ಹಳ್ಳಿಗಳಲ್ಲಿ ಮೊದಲೇ ಸಾರಿಸಲಿ. ಗೇಟಿನ ಒಳಗೆ ರೈತರು ನಿಂತು ನೋಡುವಂತಿರಲಿ. ಹಂಗಾಮು ಶುರುವಾಗುವ ಮುನ್ನ ಆ ಒಂದು ಟನ್ ಬಟ್ಟನ್ನು ಅವರ ಕಣ್ಣೆದುರಿಗೇ ಕಾಟಾದ ನಾಲ್ಕು ಮೂಲೆಯಲ್ಲೂ ಒಂದೊಂದು ಸಲ ಇಡಿಸಿ, ಪರದೆಯ ಮೇಲೆ ಬಂದ ಅಂಕಿಯನ್ನು ಬರೆದು, ಎರಡೂ ಕಡೆಯವರ ಸಹಿ ಹಾಕಿಸಲು ಯಾವ ಹೊಸ ಕಾನೂನೂ ಬೇಕಿಲ್ಲ.